ಅರವತ್ತರ ಮರೆವು, ನಲವತ್ತರ ಬಿಪಿ: ಸುಂಕದಕಟ್ಟೆ ಯಾಕೆ ಸಂಜೆ ಕ್ಲಿನಿಕ್ ಕೇಳಬೇಕು?

2025ರ ಜೂನ್, ಜುಲೈನಲ್ಲಿ ಹಾಸನದಿಂದ ಹೃದಯಾಘಾತದ ಸಾವಿನ ಸುದ್ದಿಗಳು ಒಂದರ ಹಿಂದೊಂದು ಬಂದಾಗ ಜಯದೇವ ಆಸ್ಪತ್ರೆಯ ಮುಂದೆ ಜನ ಕ್ಯೂ ನಿಂತರು. ಎಲ್ಲರಿಗೂ ಇದ್ದದ್ದು ಒಂದೇ ಭಯ: ದಿಢೀರ್ ಸಾವು. ಆದರೆ ಹಿಡಿತ ತಪ್ಪಿದ ಬಿಪಿ ಎಲ್ಲರನ್ನೂ ದಿಢೀರಂತ ಕೊಲ್ಲೋದಿಲ್ಲ. ಎಷ್ಟೋ ಜನರನ್ನು ಬದುಕಲು ಬಿಟ್ಟು, ಇಪ್ಪತ್ತು ವರ್ಷ ಆದಮೇಲೆ ಅವರ ನೆನಪಿಗೇ ಕೈ ಹಾಕುತ್ತೆ. ಇದರ ಬಗ್ಗೆ ನಮ್ಮ ರಾಜಕೀಯದಲ್ಲಿ ಮಾತೇ ಇಲ್ಲ.

‘ಅರವತ್ತಕ್ಕೆ ಅರಳು ಮರಳು’ ಅಂತ ಗಾದೆ ಹೇಳಿ ಸುಮ್ಮನಾಗೋದು ನಮಗೆ ಅಭ್ಯಾಸ. ಆದರೆ ಡಿಮೆನ್ಷಿಯಾ ವಯಸ್ಸಿನ ಸಹಜ ಗುಣ ಅಲ್ಲ, ಕಾಯಿಲೆ. 2023ರಲ್ಲಿ ಪ್ರಕಟವಾದ ಲಾಸಿ-ಡ್ಯಾಡ್ ಅಧ್ಯಯನದ ಅಂದಾಜಿನಂತೆ, ದೇಶದಲ್ಲಿ 60 ದಾಟಿದವರ ಪೈಕಿ ಶೇ 7.4ರಷ್ಟು ಜನರಿಗೆ ಇದು ಇದೆ. ಅಂದರೆ ಸುಮಾರು 88 ಲಕ್ಷ ಜನ. ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು.

ಹೃದಯಕ್ಕೂ ನೆನಪಿಗೂ ಏನು ಸಂಬಂಧ? ಮೆದುಳಿನ ತೂಕ ದೇಹದ ತೂಕದಲ್ಲಿ ಶೇ 2ರಷ್ಟು ಮಾತ್ರ. ಆದರೆ ದೇಹ ಬಳಸುವ ಆಮ್ಲಜನಕದಲ್ಲಿ ಸುಮಾರು ಶೇ 20 ಅದಕ್ಕೇ ಬೇಕು. ಅದನ್ನು ಒಯ್ಯುವುದು ಕೂದಲಿಗಿಂತ ಸಣ್ಣ ರಕ್ತನಾಳಗಳು. ವರ್ಷಗಟ್ಟಲೆ ಬಿಪಿ, ಶುಗರ್ ಹೆಚ್ಚಿದ್ದರೆ ಈ ನಾಳಗಳು ಗಡುಸಾಗಿ, ಮುಚ್ಚಿಕೊಳ್ಳುತ್ತವೆ. ಲಕ್ಷಣವೇ ಕಾಣದ ಸಣ್ಣಪುಟ್ಟ ಸ್ಟ್ರೋಕ್‌ಗಳು ಆಗುತ್ತವೆ. ನೋವಿಲ್ಲ, ಹಾಗಾಗಿ ಯಾರಿಗೂ ಗೊತ್ತಾಗೋದಿಲ್ಲ.

2024ರ ಲ್ಯಾನ್ಸೆಟ್ ಕಮಿಷನ್ ವರದಿ ಡಿಮೆನ್ಷಿಯಾಕ್ಕೆ ನಾವು ಬದಲಿಸಬಹುದಾದ 14 ಕಾರಣಗಳನ್ನು ಪಟ್ಟಿ ಮಾಡಿದೆ. ಅವೆಲ್ಲವನ್ನೂ ನಿಭಾಯಿಸಿದರೆ ಶೇ 45ರಷ್ಟು ಪ್ರಕರಣಗಳನ್ನು ತಡೆಯಬಹುದು ಇಲ್ಲವೇ ಮುಂದೂಡಬಹುದು ಅನ್ನೋದು ಅದರ ಲೆಕ್ಕ. ಪಟ್ಟಿಯಲ್ಲಿರುವ ಬಿಪಿ, ಕೆಟ್ಟ ಕೊಲೆಸ್ಟ್ರಾಲ್, ಶುಗರ್, ಬೊಜ್ಜು, ಬೀಡಿ-ಸಿಗರೇಟು, ಮೈಗೆ ಚಟುವಟಿಕೆ ಇಲ್ಲದಿರುವುದು, ಈ ಆರೂ ಹೃದಯದ ಶತ್ರುಗಳೇ. 2019ರಲ್ಲಿ ಬಂದ ಅಮೆರಿಕದ ಸ್ಪ್ರಿಂಟ್ ಮೈಂಡ್ ಪ್ರಯೋಗದಲ್ಲಿ, ಮೇಲಿನ ಬಿಪಿಯನ್ನು 140ರ ಬದಲು 120ಕ್ಕಿಂತ ಕೆಳಗೆ ತರಲು ಚಿಕಿತ್ಸೆ ಪಡೆದವರಲ್ಲಿ ಆರಂಭಿಕ ಹಂತದ ಮರೆವಿನ ಸಮಸ್ಯೆ ಶೇ 19ರಷ್ಟು ಕಡಿಮೆಯಾಯಿತು. ಪೂರ್ತಿ ಡಿಮೆನ್ಷಿಯಾ ವಿಚಾರದಲ್ಲಿ ಫಲಿತಾಂಶ ಅಷ್ಟು ಖಚಿತವಾಗಿರಲಿಲ್ಲ. ಹಾಗಾಗಿ ಬಿಪಿ ಮಾತ್ರೆ ನುಂಗಿದರೆ ಮರೆವು ಬರೋದೇ ಇಲ್ಲ ಅಂತ ಯಾರೂ ಹೇಳಲಾರರು. ಆದರೆ ನಮ್ಮ ಕೈಯಲ್ಲಿರುವ ದಾರಿಗಳಲ್ಲಿ ಇದು ಅತಿ ಅಗ್ಗದ್ದು.

ಈಗ ಸುಂಕದಕಟ್ಟೆಗೆ ಬನ್ನಿ. ಮಾಗಡಿ ರಸ್ತೆಯ ಈ ಭಾಗದಲ್ಲಿ ಗಾರ್ಮೆಂಟ್ಸ್‌ಗೆ ಹೋಗುವ ಹೆಂಗಸರು, ಪೀಣ್ಯ, ಕಾಮಾಕ್ಷಿಪಾಳ್ಯದ ಶೆಡ್‌ಗಳಲ್ಲಿ ದುಡಿಯುವವರು, ಆಟೋ ಓಡಿಸುವವರು ಬದುಕುತ್ತಾರೆ. ಬಿಪಿ ಹಿಡಿತಕ್ಕೆ ತರಬೇಕಾದ ನಲವತ್ತು-ಐವತ್ತರ ವಯಸ್ಸಿನವರು ಇವರೇ. ‘ನಮ್ಮ ಕ್ಲಿನಿಕ್’ಗಳು ಶುರುವಾದಾಗ ಇಟ್ಟ ಸಮಯ ಬೆಳಗ್ಗೆ 9ರಿಂದ ಸಂಜೆ 4.30. ಆ ಹೊತ್ತಲ್ಲಿ ಇವರು ಮೆಷಿನ್ ಮುಂದೆ ಇರುತ್ತಾರೆ. ಬಿಪಿ ನೋಡಿಸಲು ಅರ್ಧ ದಿನದ ಕೂಲಿ ಬಿಡಬೇಕು, ಅದೂ ಒಂದು ಸಲ ಅಲ್ಲ, ತಿಂಗಳು ತಿಂಗಳು. ಇಎಸ್ಐ ಇದೆಯಲ್ಲ ಅನ್ನಬಹುದು. ಆದರೆ ಹತ್ತಕ್ಕಿಂತ ಕಡಿಮೆ ಕೆಲಸಗಾರರಿರುವ ಶೆಡ್‌ಗಳಿಗೆ ಸಾಮಾನ್ಯವಾಗಿ ಇಎಸ್ಐ ಕಡ್ಡಾಯವೇ ಅಲ್ಲ. ಆಟೋದವರಿಗಂತೂ ಇಲ್ಲ. ದೇಶದಲ್ಲಿ ಬಿಪಿ ಇರುವ ಅಂದಾಜು 22 ಕೋಟಿ ಜನರಲ್ಲಿ ಅದು ಹಿಡಿತದಲ್ಲಿರುವುದು ಶೇ 12ರಷ್ಟು ಮಂದಿಗೆ ಮಾತ್ರ ಅಂದರೆ ಆಶ್ಚರ್ಯವೇನಿಲ್ಲ.

ಸರ್ಕಾರ ಏನೂ ಮಾಡಿಲ್ಲ ಅಂತಲ್ಲ. ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯ ಜ್ಯೋತಿ ಯೋಜನೆಯಲ್ಲಿ, ಹಾರ್ಟ್ ಅಟ್ಯಾಕ್ ಆದವರಿಗೆ ದುಬಾರಿ ಇಂಜೆಕ್ಷನ್ ತಾಲೂಕು ಆಸ್ಪತ್ರೆಯಲ್ಲೇ ಉಚಿತವಾಗಿ ಸಿಗುತ್ತೆ. 2022ರಲ್ಲಿ ನಿಮ್ಹಾನ್ಸ್ ಜೊತೆ ಸೇರಿ ಶುರು ಮಾಡಿದ ಬ್ರೈನ್ ಹೆಲ್ತ್ ಇನಿಶಿಯೇಟಿವ್ ಇದೆ. ಕೋಲಾರದ ಶ್ರೀನಿವಾಸಪುರದಲ್ಲಿ ಐಐಎಸ್‌ಸಿಯ ಮೆದುಳು ಸಂಶೋಧನಾ ಕೇಂದ್ರ 45 ದಾಟಿದ ಹಳ್ಳಿಯ ಜನರ ಆರೋಗ್ಯ, ನೆನಪು ಎರಡನ್ನೂ ವರ್ಷಗಳ ಕಾಲ ಗಮನಿಸುವ ದೊಡ್ಡ ಅಧ್ಯಯನ ನಡೆಸುತ್ತಿದೆ. ಆದರೆ ಇಂಜೆಕ್ಷನ್ ಬರೋದು ಅಟ್ಯಾಕ್ ಆದಮೇಲೆ, ನಿಮ್ಹಾನ್ಸ್‌ಗೆ ಹೋಗೋದು ಮರೆವು ಶುರುವಾದಮೇಲೆ. ಇವೆರಡಕ್ಕೂ ಮುಂಚಿನ ಇಪ್ಪತ್ತು ವರ್ಷ, ಸಂಜೆ 4.30ಕ್ಕೆ ಬಾಗಿಲು ಹಾಕುವಂತೆ ಶುರುವಾದ ಕ್ಲಿನಿಕ್‌ನ ಪಾಲಿಗೆ ಬಿಟ್ಟಿದೆ.

ಹಾಗಾಗಿ ಬೇಡಿಕೆ ಸರಳ. ಕಾರ್ಮಿಕರಿರುವ ವಾರ್ಡ್‌ಗಳಲ್ಲಿ ಕ್ಲಿನಿಕ್ ರಾತ್ರಿ 8ರವರೆಗೆ, ಭಾನುವಾರವೂ ತೆರೆದಿರಬೇಕು. ಬಿಪಿ, ಶುಗರ್ ಮಾತ್ರೆ ಒಮ್ಮೆಗೇ ಎರಡು ತಿಂಗಳಿಗೆ ಆಗುವಷ್ಟು ಕೊಡಬೇಕು. ಫ್ಯಾಕ್ಟರಿ ಗೇಟಿನಲ್ಲೇ ಬಿಪಿ ನೋಡುವ ವ್ಯವಸ್ಥೆ ಬೇಕು. 2020ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಕೌನ್ಸಿಲ್ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಇದನ್ನು ಕೇಳೋಕೆ ವಾರ್ಡ್‌ನಲ್ಲಿ ಕಾರ್ಪೊರೇಟರ್ರೇ ಇರಲಿಲ್ಲ.

ಇದು ಮುದುಕರ ವಿಷಯ, ನಮಗ್ಯಾಕೆ ಅಂದುಕೊಳ್ಳಬೇಡಿ. ಅಮ್ಮನಿಗೆ ಮರೆವು ಬಂದ ದಿನ ಕೆಲಸ ಬಿಟ್ಟು ಮನೆಯಲ್ಲಿ ಕೂರಬೇಕಾಗೋದು ಹೆಚ್ಚಾಗಿ ಮಗಳು ಅಥವಾ ಸೊಸೆ. ವೋಟು ಕೇಳೋಕೆ ಮನೆ ಬಾಗಿಲಿಗೆ ಬಂದವರನ್ನು ರಸ್ತೆ, ಕಸದ ಜೊತೆಗೆ ಇದನ್ನೂ ಕೇಳಿ: ನಮ್ಮ ಕ್ಲಿನಿಕ್ ಎಷ್ಟು ಗಂಟೆಗೆ ಬಾಗಿಲು ಹಾಕುತ್ತೆ?