ತಾಳೆ ನೋಡುವುದೇ ಸಾಧನೆಯಲ್ಲ

ಗಣಿತದ ಪ್ರಶ್ನೆಪತ್ರಿಕೆಯಲ್ಲಿ ‘ಸಾಧಿಸಿ’ ಎಂದೊಡನೆ ಹೇಳಿಕೆ ನಿಜವೆಂಬುದು ವಿದ್ಯಾರ್ಥಿಗೆ ತಿಳಿದುಹೋಗುತ್ತದೆ. ಸಂದೇಹಪಡುವ ಅವಕಾಶವೇ ಅವನಿಗಿಲ್ಲ. ‘ಸಾಧಿಸಿ ಅಥವಾ ಅಲ್ಲಗಳೆಯಿರಿ’ ಎಂದು ಕೇಳುವುದೇ ಮೇಲು ಎಂಬುದು ನನ್ನ ಅಭಿಪ್ರಾಯ.

ಯಾವುದೇ ಪೂರ್ಣಾಂಕದ ಘನದಿಂದ ಅದೇ ಸಂಖ್ಯೆಯನ್ನು ಕಳೆದರೆ ಉಳಿದದ್ದು 6ರಿಂದ ನಿಶ್ಶೇಷವಾಗಿ ಭಾಗವಾಗುತ್ತದೆ. ಅದು ಮೂರು ಅನುಕ್ರಮ ಪೂರ್ಣಾಂಕಗಳ ಗುಣಲಬ್ಧ; ಅವುಗಳಲ್ಲಿ ಒಂದಾದರೂ ಸಮ, ಒಂದು 3ರ ಅಪವರ್ತ್ಯ. ಇದು ಸಾಧನೆ.

ಇನ್ನೊಂದು ಹೇಳಿಕೆ: 1ಕ್ಕಿಂತ ದೊಡ್ಡದಾದ ‘ನ’ ಎಂಬ ಪೂರ್ಣಾಂಕವು, 2ರ ‘ನ’ನೆಯ ಘಾತದಿಂದ 2 ಕಳೆದದ್ದನ್ನು ನಿಶ್ಶೇಷವಾಗಿ ಭಾಗಿಸಿದರೆ, ‘ನ’ ಅವಿಭಾಜ್ಯ. 340ರವರೆಗೆ ತಾಳೆ ನೋಡಿದರೂ ಇದು ಎಲ್ಲಿಯೂ ತಪ್ಪದು. ಆದರೆ 341 ಎಂಬುದು 11 × 31. 2ರ ಹತ್ತನೆಯ ಘಾತವಾದ 1024ನ್ನು 341ರಿಂದ ಭಾಗಿಸಿದರೆ ಶೇಷ 1. ಆದ್ದರಿಂದ 340ನೆಯ ಘಾತಕ್ಕೂ ಶೇಷ 1, 341ನೆಯದಕ್ಕೆ 2. ಅದರಿಂದ 2 ಕಳೆದರೆ ಶೇಷವೇ ಉಳಿಯದು. ಅವಿಭಾಜ್ಯವಲ್ಲದ 341 ಪರೀಕ್ಷೆಯಲ್ಲಿ ತೇರ್ಗಡೆಯಾಯಿತು, ಹೇಳಿಕೆ ಬಿದ್ದುಹೋಯಿತು.

ಮುನ್ನೂರಕ್ಕೂ ಮಿಕ್ಕ ಉದಾಹರಣೆಗಳು ನಿಲ್ಲಿಸಿದ್ದ ನಂಬಿಕೆಯನ್ನು ಒಂದೇ ಪ್ರತ್ಯುದಾಹರಣೆ ಕೆಡವಿತು. ನಾಲ್ಕು ಸಂಖ್ಯೆಗಳಿಗೆ ತಾಳೆ ನೋಡಿ ‘ಸಾಧಿಸಿದೆ’ ಎಂದು ಬರೆದವರಿಗೆ ಅಂಕ ಕೊಡುವ ಮುನ್ನ, ಶಿಷ್ಯರಲ್ಲಿ ಈಗ ಅಧ್ಯಾಪಕರಾಗಿರುವವರು 341ನ್ನು ನೆನೆಯಲಿ.