ಕೂಸಿನ ಮೊದಲ ತುತ್ತಿಗೂ ಒಂದು ಹದ ಇದೆ

ಕೃಷಿ ಪತ್ರಿಕೆಯಲ್ಲಿ ಕೂಸಿಗೆ ಉಣಿಸುವ ಮಾತು ಯಾಕೆ ಎಂದು ಓದುಗರು ಕೇಳಬಹುದು. ಅದು ಹೆಣ್ಣುಮಕ್ಕಳ ಕೆಲಸ, ಅವರಿಗೇ ಇರಲಿ ಅಂತ ನಾನೂ ಬಹಳ ವರ್ಷ ತಿಳಿದಿದ್ದೆ. ಆದರೆ ಕೂಸಿನ ಬಾಯಿಗೆ ಮೊದಲ ತುತ್ತು ಯಾವಾಗ ಬೀಳಬೇಕು ಎಂಬುದನ್ನು ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ತೀರ್ಮಾನ ಮಾಡುವುದು ಹೊಲದ ಕಳೆ. ಕಳೆ ಎದ್ದರೆ ಬಾಣಂತಿ ಹೊಲಕ್ಕೆ ಬರಬೇಕು. ಅವಳು ಹೊಲಕ್ಕೆ ಬಂದ ದಿನ ಮನೆಯಲ್ಲಿ ಕೂಸಿಗೆ ಏನಾದರೂ ಕುಡಿಸಲೇಬೇಕು. ಹಾಗಾಗಿ ಇದು ಹೊಲದ ಮಾತೇ, ನಮ್ಮಂಥ ಗಂಡಸರ ಮಾತೂ ಹೌದು.

ನಮ್ಮ ಮನೆ ಬಳ್ಳಾರಿಯ ಸತ್ಯನಾರಾಯಣಪೇಟೆಯಲ್ಲಿ. ಹೊಲ ಕುರುಗೋಡು ದಾರಿಯಲ್ಲಿ. ಕಾಲುವೆ ನೀರು ಕಾಣದ ಎರೆ ಭೂಮಿ. ನನ್ನ ಮೊದಲ ಮಗ ಹುಟ್ಟಿದ್ದು 1995ರಲ್ಲಿ, ಯುಗಾದಿ ಕಳೆದ ಮೇಲೆ. ಶ್ರಾವಣದ ಹೊತ್ತಿಗೆ ಶೇಂಗಾದಲ್ಲಿ ಕಳೆ ಮೊಳಕಾಲು ಮುಟ್ಟಿತ್ತು. ಆಳು ಸಿಗಲಿಲ್ಲ. ಹಸಿ ಮೈಯ ಹೆಂಡತಿಯನ್ನು ನಾನೇ ಹೊಲಕ್ಕೆ ಕರೆದೊಯ್ದೆ. ಕೂಸಿಗೆ ಆಗ ನಾಲ್ಕು ತಿಂಗಳೂ ತುಂಬಿರಲಿಲ್ಲ. ನಮ್ಮವ್ವ ಬಾಟಲಿಯಲ್ಲಿ ನೀರು ಬೆರೆಸಿದ ಆಕಳ ಹಾಲು, ನಡುವೆ ಅನ್ನದ ತಿಳಿ ಕುಡಿಸಿದಳು. ಎಂಟು ದಿನದಲ್ಲಿ ಭೇದಿ ಹಿಡಿಯಿತು. ಕಣ್ಣು ಒಳಕ್ಕೆ ಹೋದವು, ನೆತ್ತಿ ತಗ್ಗು ಬಿತ್ತು. ಆಸ್ಪತ್ರೆಯಲ್ಲಿ ಐದು ದಿನ ಇದ್ದು ಕೂಸು ಉಳಿಯಿತು. ಉಳಿಸಿದ ಕಳೆಯ ಕೂಲಿಗಿಂತ ಹೆಚ್ಚು ದುಡ್ಡು ಅಲ್ಲಿ ಹೋಯಿತು. ಆ ಲೆಕ್ಕ ಬಿಡಿ, ಆ ಐದು ರಾತ್ರಿ ನನಗಿನ್ನೂ ಮರೆತಿಲ್ಲ.

ಸುಟ್ಟುಕೊಂಡವರು ಮಜ್ಜಿಗೆಯನ್ನೂ ಊದಿ ಕುಡಿಯುತ್ತಾರಲ್ಲ, ಮಗಳ ಸರದಿ ಬಂದಾಗ ನಾವು ಹಂಗೇ ಮಾಡಿದೆವು. ಅವಳು ಹುಟ್ಟಿದ್ದು 1998ರಲ್ಲಿ. ಆಗ ಹೆಂಡತಿಯನ್ನು ಹೊಲಕ್ಕೆ ಕರೆಯಲಿಲ್ಲ. ಆದರೆ ಕೂಸಿಗೆ ಎದೆಹಾಲು ಬಿಟ್ಟು ಏನೂ ಕೊಡಲಿಲ್ಲ. ಆರು ತಿಂಗಳು ತುಂಬಿತು, "ಕುರುಗೋಡು ಜಾತ್ರೆ ಮುಗೀಲಿ, ಆಮ್ಯಾಲೆ ದೇವರ ಮುಂದೆ ಅನ್ನ ಉಣಿಸೋಣ" ಅಂದಳು ನಮ್ಮವ್ವ. ಜಾತ್ರೆ ಮುಗಿಯಿತು, ಮನೆಯಲ್ಲಿ ಸೂತಕ ಬಂತು, ಹಂಗೇ ಹತ್ತು ತಿಂಗಳಾಯಿತು. ಕೂಸು ಬೆಳ್ಳಗೆ ಬಿಳಿಚಿಕೊಂಡಿತು, ಹರಿದಾಡುವ ಉಮೇದಿಲ್ಲ, ತೂಕ ನಿಂತುಹೋಯಿತು. ರಕ್ತ ಕಡಿಮೆ ಎಂದರು ಡಾಕ್ಟರು. ಅದೇ ಮಗಳು ಈಗ ಬಾಣಂತನಕ್ಕೆ ಬಂದಿದ್ದಾಳೆ, ಮೊಮ್ಮಗಳಿಗೆ ಮುಂದಿನ ವಾರ ಆರು ತಿಂಗಳು ತುಂಬುತ್ತದೆ. ಅದಕ್ಕೇ ಇದನ್ನು ಬರೆಯಲು ಕುಳಿತೆ.

ಆರು ತಿಂಗಳೇ ಯಾಕೆ?

ಮೊದಲು ನಾಲ್ಕು ತಿಂಗಳು ಅನ್ನುತ್ತಿದ್ದರಲ್ಲ ಎಂದು ನನ್ನ ವಯಸ್ಸಿನವರು ಕೇಳುತ್ತಾರೆ. ಹೌದು, ಅನ್ನುತ್ತಿದ್ದರು. ಶಿಶು ಆಹಾರದ ಮೇಲೆ 1992ರಲ್ಲಿ ಬಂದ ಕೇಂದ್ರದ ಕಾನೂನಿನಲ್ಲಿಯೂ ನಾಲ್ಕು ತಿಂಗಳು ಎಂದೇ ಇತ್ತು. 2001ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಆರು ತಿಂಗಳು ತುಂಬುವವರೆಗೆ ಬರೀ ಎದೆಹಾಲು ಎಂದು ಹೇಳಿತು. 2003ರಲ್ಲಿ ನಮ್ಮ ಕಾನೂನನ್ನೂ ಆರು ತಿಂಗಳಿಗೆ ತಿದ್ದಿದರು. ಆ ಕಾಲದಲ್ಲಿ ಕಲಿತ ಅಜ್ಜಿಯರು ಈಗಲೂ ನಾಲ್ಕೇ ಹೇಳುತ್ತಿದ್ದರೆ ಅದು ಅವರ ತಪ್ಪಲ್ಲ.

ಕಾರಣ ಸರಳ. ಆರು ತಿಂಗಳವರೆಗೆ ತಾಯಿಯ ಹಾಲೇ ಊಟ, ಅದೇ ನೀರು. ಬಳ್ಳಾರಿ ಬಿಸಿಲಿನಲ್ಲೂ ಕೂಸಿಗೆ ಬೇರೆ ನೀರು ಬೇಕಿಲ್ಲ. ತಾಯಿ ಮಾತ್ರ ನೀರು ಹೆಚ್ಚು ಕುಡಿಯಬೇಕು, ಕೂಸಿಗೆ ಮೇಲಿಂದ ಮೇಲೆ ಎದೆ ಕೊಡಬೇಕು. ಅದಕ್ಕಿಂತ ಮೊದಲು ಬಾಟಲಿ, ತಿಳಿ ಕೊಟ್ಟರೆ ಅದರ ಜೊತೆ ರೋಗವೂ ಹೋಗುತ್ತದೆ, ಎದೆಹಾಲೂ ಕಡಿಮೆಯಾಗುತ್ತದೆ. ಆದರೆ ಹೊಟ್ಟೆಯಲ್ಲಿದ್ದಾಗ ತಾಯಿಯಿಂದ ಪಡೆದ ಕಬ್ಬಿಣದ ದಾಸ್ತಾನು ಆರು ತಿಂಗಳ ಸುಮಾರಿಗೆ ತೀರುತ್ತ ಬರುತ್ತದೆ. ಎದೆಹಾಲಿನಲ್ಲಿ ಕಬ್ಬಿಣ ಸ್ವಲ್ಪವೇ. ಬೆಳೆಯುವ ಮೈಗೆ ಬೇಕಾದ ಶಕ್ತಿಯೂ ಹಾಲೊಂದರಿಂದ ಸಾಲದು. ಬಿತ್ತಿದ ಬೀಜ ತನ್ನೊಳಗಿನ ಹಿಟ್ಟು ತಿಂದು ಮೊಳೆಯುತ್ತದೆ, ಅದು ಮುಗಿಯುವ ಹೊತ್ತಿಗೆ ಬೇರು ಮಣ್ಣು ಹಿಡಿದಿರಬೇಕು. ರೈತನಿಗೆ ಇದಕ್ಕಿಂತ ಹೆಚ್ಚು ಬಿಡಿಸಿ ಹೇಳಬೇಕಿಲ್ಲ.

ಆ ಹೊತ್ತಿಗೆ ಕೂಸೂ ಗುರುತು ತೋರಿಸುತ್ತದೆ. ಕತ್ತು ನಿಲ್ಲುತ್ತದೆ, ಆಸರೆ ಕೊಟ್ಟರೆ ಕೂರುತ್ತದೆ, ನಾವು ಉಣ್ಣುವಾಗ ತಟ್ಟೆಗೆ ಕೈ ಹಾಕುತ್ತದೆ, ಬಾಯಿಗಿಟ್ಟದ್ದನ್ನು ನಾಲಿಗೆಯಿಂದ ಹೊರಕ್ಕೆ ನೂಕುವುದು ಕಡಿಮೆಯಾಗುತ್ತದೆ. ಅನ್ನಪ್ರಾಶನದ ಶಾಸ್ತ್ರ ಬೇಕಾದವರು ಮಾಡಲಿ, ಬೇಡ ಅನ್ನುವುದಿಲ್ಲ. ಗಂಡಿಗೆ ಸರಿ ತಿಂಗಳು, ಹೆಣ್ಣಿಗೆ ಬೆಸ ತಿಂಗಳು ಎಂಬ ಲೆಕ್ಕಕ್ಕೆ, ಜಾತ್ರೆಗೆ, ನೆಂಟರು ಬರಲಿ ಎಂಬುದಕ್ಕೆ ಕೂಸಿನ ಊಟ ಕಾಯಬಾರದು.

ನೀರು ಗಂಜಿ ಊಟವಲ್ಲ

ತಡ ಮಾಡಿದಷ್ಟೇ ದೊಡ್ಡ ತಪ್ಪು ತೆಳ್ಳಗೆ ಮಾಡುವುದು. ಕೂಸಿನ ಹೊಟ್ಟೆ ಒಂದು ಸಣ್ಣ ಲೋಟದಷ್ಟು. ಅದನ್ನು ಬೇಳೆಕಟ್ಟಿನ ತಿಳಿಯಿಂದ ತುಂಬಿಸಿದರೆ ಹೊಟ್ಟೆ ತುಂಬುತ್ತದೆ, ಮೈ ತುಂಬುವುದಿಲ್ಲ. ಚಮಚ ಬಾಗಿಸಿದರೆ ಸುರಿಯದೆ ನಿಲ್ಲುವಷ್ಟು ಗಟ್ಟಿ ಇರಬೇಕು. ಮೊದಲ ದಿನಗಳಲ್ಲಿ ಎರಡು ಮೂರು ಚಮಚ, ದಿನಕ್ಕೆ ಎರಡು ಮೂರು ಸಲ. ಎಂಟು ತಿಂಗಳ ಹೊತ್ತಿಗೆ ಊಟಕ್ಕೆ ಅರ್ಧ ಬಟ್ಟಲು. ಒಂಬತ್ತು ತಿಂಗಳ ನಂತರ ಮೂರು ನಾಲ್ಕು ಸಲ. ವರ್ಷ ತುಂಬಿದ ಮೇಲೆ ಮುಕ್ಕಾಲಿನಿಂದ ಒಂದು ಬಟ್ಟಲು, ಮನೆಮಂದಿ ಉಣ್ಣುವುದನ್ನೇ ಖಾರ ಇಲ್ಲದೆ ಮೆತ್ತಗೆ ಹಿಸುಕಿ. ಎದೆಹಾಲು ಎರಡು ವರ್ಷದವರೆಗೆ, ಬೇಕಾದರೆ ಮುಂದೆಯೂ ನಡೆಯಲಿ.

ಇದಕ್ಕೆ ಅಂಗಡಿ ಡಬ್ಬಿ ಬೇಕಿಲ್ಲ. ನಮ್ಮ ಮನೆಯಲ್ಲಿ ಮೂರು ಪಾಲು ರಾಗಿ ಅಥವಾ ಸಜ್ಜೆ, ಒಂದು ಪಾಲು ಹೆಸರು. ಎರಡನ್ನೂ ನೆನೆಸಿ, ಮೊಳಕೆ ಬರಿಸಿ, ಒಣಗಿಸಿ, ಹದವಾಗಿ ಹುರಿದು ಬೀಸಿಟ್ಟಿದ್ದೇವೆ. ಮೊಳಕೆ ಹಿಟ್ಟಿನ ಗಂಜಿ ಬೇಗ ಗಡುಸಾಗುವುದಿಲ್ಲ, ಅಷ್ಟೇ ಬಟ್ಟಲಿಗೆ ಹೆಚ್ಚು ಹಿಟ್ಟು ಹಿಡಿಯುತ್ತದೆ. ಕಾಳಿನ ಕಬ್ಬಿಣವೂ ಮೈಗೆ ಹೆಚ್ಚು ಹತ್ತುತ್ತದೆ. ಇಳಿಸುವಾಗ ಒಂದು ಚಮಚ ತುಪ್ಪ ಅಥವಾ ಶೇಂಗಾ ಎಣ್ಣೆ. ದಿನ ಬಿಟ್ಟು ದಿನ ಬೇಯಿಸಿ ಹಿಸುಕಿದ ಸೊಪ್ಪು, ಕುಂಬಳಕಾಯಿ, ಬಾಳೆಹಣ್ಣು. ತಿನ್ನುವ ಮನೆಯವರು ಚೆನ್ನಾಗಿ ಬೇಯಿಸಿದ ತತ್ತಿ ಕೊಡಲಿ, ಅದು ಬಹಳ ಒಳ್ಳೆಯದು. ವರ್ಷ ತುಂಬುವವರೆಗೆ ಜೇನುತುಪ್ಪ ನೆಕ್ಕಿಸಬಾರದು, ಅದರಿಂದ ಕೂಸಿಗೆ ವಿಷಬಾಧೆ ಆಗುವ ಭಯ ಇದೆ. ಉಪ್ಪು, ಸಕ್ಕರೆಯೂ ಬೇಡ. ಇಡಿ ಶೇಂಗಾ, ಇಡಿ ಕಡಲೆ ಗಂಟಲಿಗೆ ಸಿಕ್ಕೀತು, ನುಣ್ಣಗೆ ಪುಡಿ ಮಾಡಿಯೇ ಕೊಡಬೇಕು.

ಇನ್ನೊಂದು ಮಾತು ನಮ್ಮಂಥವರಿಗೇ. ಹತ್ತಿಗೆ, ಮೆಣಸಿನಕಾಯಿಗೆ ಔಷಧ ಹೊಡೆದು ಬಂದ ಕೈಯಲ್ಲಿ, ಅದೇ ಅಂಗಿಯಲ್ಲಿ ಕೂಸನ್ನು ಎತ್ತಬೇಡಿ. ಸಾಬೂನು ಹಚ್ಚಿ ಮೈ ತೊಳೆದು, ಬಟ್ಟೆ ಬದಲಿಸಿ ಎತ್ತಿರಿ. ಉಣಿಸುವ ಕೈ, ಬಟ್ಟಲು, ಚಮಚ ತೊಳೆದಿರಲಿ. ಬಾಟಲಿಯನ್ನು ಮನೆಯೊಳಗೆ ತರಲೇಬೇಡಿ.

ಯಜಮಾನನ ಪಾಲು

"ನಮ್ಮ ಹಿರಿಯರು ಇದನ್ನೆಲ್ಲ ಓದಿ ಬೆಳೆಸಿದ್ರೇನು?" ಎಂದು ಕಟ್ಟೆಯ ಮೇಲೆ ಒಬ್ಬರು ಕೇಳಿದರು. ನಮ್ಮವ್ವ ಹೆತ್ತದ್ದು ಎಂಟು, ಉಳಿದದ್ದು ಐದು. ಉಳಿದ ನಾವು ಕಟ್ಟೆಯ ಮೇಲೆ ಕೂತು ಮಾತಾಡುತ್ತೇವೆ, ಹೋದ ಮೂವರು ಮಾತಾಡುವುದಿಲ್ಲ. ಈಗಿನ ಲೆಕ್ಕವೂ ಖುಷಿಪಡುವಂಥದ್ದಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 6ರಿಂದ 8 ತಿಂಗಳ ಕೂಸುಗಳಲ್ಲಿ ಎದೆಹಾಲಿನ ಜೊತೆ ಊಟ ಶುರುವಾಗಿದ್ದದ್ದು ನೂರಕ್ಕೆ ಸುಮಾರು 46ಕ್ಕೆ ಮಾತ್ರ. ನಮ್ಮ ರಾಜ್ಯದ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 35 ಮಕ್ಕಳು ವಯಸ್ಸಿಗೆ ತಕ್ಕ ಎತ್ತರ ಬೆಳೆದಿರಲಿಲ್ಲ.

ಇದರಲ್ಲಿ ತಾಯಂದಿರಿಗೆ ಬುದ್ಧಿ ಹೇಳುವವರು ಬಹಳ ಮಂದಿ. ನನ್ನ ತಕರಾರು ಅಲ್ಲಿಯೇ. ಸರ್ಕಾರ 2017ರಲ್ಲಿ ಹೆರಿಗೆ ರಜೆಯನ್ನು 12 ವಾರದಿಂದ 26 ವಾರಕ್ಕೆ ಏರಿಸಿತು. 26 ವಾರ ಅಂದರೆ ಸರಿಯಾಗಿ ಆರು ತಿಂಗಳು. ಆದರೆ ಅದು ಹತ್ತು ಜನಕ್ಕಿಂತ ಕಡಿಮೆ ಇಲ್ಲದ ಕಚೇರಿ, ಕಾರ್ಖಾನೆಗಳ ಮಾತು. ನಮ್ಮ ಹೊಲಕ್ಕೆ ಮೆಣಸಿನಕಾಯಿ ಬಿಡಿಸಲು ಬರುವ ಹೆಣ್ಣುಮಗಳಿಗೆ ರಜೆ ಕೊಡುವವರು ಯಾರು? ಅವಳು ಬರದಿದ್ದರೆ ಆ ದಿನದ ಕೂಲಿ ಇಲ್ಲ. ಬಂದರೆ ಕೂಸಿಗೆ ಬಾಟಲಿ. ಅವಳ ಮುಂದೆ ನಿಂತು ಆರು ತಿಂಗಳು ಬರೀ ಎದೆಹಾಲು ಕೊಡವ್ವ ಎಂದರೆ ಅವಳು ನಗದೆ ಏನು ಮಾಡ್ಯಾಳು?

ನಮ್ಮ ಕೈಲಿ ಆಗುವುದು ಕಡಿಮೆ, ಆದರೆ ಅಷ್ಟಾದರೂ ಮಾಡಬಹುದು. ಕಳೆದ ಎರಡು ಹಂಗಾಮಿನಿಂದ ನಮ್ಮ ಹೊಲಕ್ಕೆ ಬರುವ ಹಾಲುಣಿಸುವ ತಾಯಂದಿರು ಕೂಸನ್ನು ಜೊತೆಗೇ ತರುತ್ತಾರೆ. ಬೇವಿನ ಮರದ ಕೆಳಗೆ ಜೋಲಿ, ನೋಡಿಕೊಳ್ಳಲು ಒಬ್ಬ ಅಜ್ಜಿ, ಅವಳಿಗೂ ಕೂಲಿ. ಕೂಸು ಅತ್ತಾಗ ತಾಯಿ ಎದ್ದು ಹೋಗುತ್ತಾಳೆ, ಆರು ತಿಂಗಳು ದಾಟಿದ್ದಕ್ಕೆ ಅಲ್ಲೇ ಹೊಸದಾಗಿ ಗಂಜಿ ಕಾಯಿಸುತ್ತಾರೆ. ಇದಕ್ಕೆ ಕೂಲಿ ಹಿಡಿಯುವುದಿಲ್ಲ. ಕೆಲಸ ಎಷ್ಟು ಹಿಂದೆ ಬಿತ್ತು ಎಂದು ಕೇಳಿದರೆ, ಬೀಡಿ ಸೇದಲು ಎದ್ದು ಹೋಗುವ ಗಂಡಾಳುಗಳಿಂದ ಬೀಳುವಷ್ಟೂ ಬಿದ್ದಿಲ್ಲ.

ಎರಡನೆಯದು, ಎಲ್ಲ ಎಕರೆಯನ್ನೂ ಹತ್ತಿ, ಮೆಣಸಿನಕಾಯಿಗೇ ಕೊಡಬೇಡಿ. ಮೊದಲು ಜೋಳದ ನಡುವೆ ಅಕ್ಕಡಿ ಸಾಲಿನಲ್ಲಿ ತೊಗರಿ, ಹೆಸರು, ಅಲಸಂದಿ ಇರುತ್ತಿದ್ದವು, ಬದುವಿನಲ್ಲಿ ಸೊಪ್ಪು ಸಿಗುತ್ತಿತ್ತು. ಕೂಸಿನ ಬಟ್ಟಲು ತುಂಬುತ್ತಿದ್ದದ್ದು ಅದರಿಂದಲೇ. ನಾಲ್ಕು ಸಾಲು ನವಣೆ, ಎರಡು ಸಾಲು ಹೆಸರು ಹಾಕಿದರೆ ನಾವು ಬಡವರಾಗುವುದಿಲ್ಲ. ಅಂಗನವಾಡಿಯಿಂದ ಆರು ತಿಂಗಳು ತುಂಬಿದ ಮಕ್ಕಳಿಗೆ ಮನೆಗೆ ಕೊಡುವ ಆಹಾರವನ್ನೂ ಆ ಕೂಸಿಗೇ ಬಿಡಿ, ಮನೆಮಂದಿಯೆಲ್ಲ ಹಂಚಿ ತಿಂದರೆ ಅದು ಯಾರಿಗೂ ಸಾಲದು.

ಬಿತ್ತನೆಗೆ ಹದ ನೋಡುತ್ತೇವೆ. ಒಂದು ದಿನ ಮೊದಲಾದರೆ ಮಣ್ಣು ಮೆತ್ತುತ್ತದೆ, ನಾಲ್ಕು ದಿನ ತಡವಾದರೆ ಹಸಿ ಆರುತ್ತದೆ ಎಂದು ರಾತ್ರಿ ಎದ್ದು ಹೊಲಕ್ಕೆ ಹೋಗುತ್ತೇವೆ. ಕೂಸು ಹುಟ್ಟಿದ ತಾರೀಖು ಗೋಡೆಯ ಮೇಲೆ ಬರೆದಿಡಿ, ಆರು ತಿಂಗಳ ಮುಂದಿನ ತಾರೀಖನ್ನೂ ಪಕ್ಕದಲ್ಲಿ ಬರೆಯಿರಿ. ನಮ್ಮ ಮನೆ ಗೋಡೆಯ ಮೇಲೆ ಈಗ ಅದು ಇದೆ. ಆ ದಿನ ಮೊದಲ ಚಮಚ ತಾನೇ ಉಣಿಸುತ್ತೇನೆ ಎಂದು ನನ್ನ ಹೆಂಡತಿ ಹೇಳಿದ್ದಾಳೆ. ನಾನು ಕೈ ತೊಳೆದು ಪಕ್ಕದಲ್ಲಿ ಕೂತಿರುತ್ತೇನೆ.