ಹುಳ ಕಂಡ ಕೂಡಲೇ ಪಂಪ್ ಹೆಗಲಿಗೇರಿಸುವವರಿಗೆ

ಮೊನ್ನೆ ನಮ್ಮ ಮರಗೆಣಸಿನ ಸಾಲಲ್ಲಿ ನಿಂತು ಪಕ್ಕದ ತೋಟದ ಅಣ್ಣ ಹೇಳಿದ್ರು: "ಹುಳ ಕಂಡ್ರೆ ಹೊಡೀಬೇಕಪ್ಪ, ಯೋಚನೆ ಮಾಡ್ತಾ ಕೂತ್ರೆ ಬೆಳೆ ಹೋಯ್ತು." ಅವರಿಗೂ ಅವರಂಥ ಎಲ್ಲರಿಗೂ ಸೇರಿಸಿ ಇಲ್ಲೇ ಉತ್ತರ ಬರೀತೀನಿ.

ಮರಗೆಣಸಿನ ತವರು ದಕ್ಷಿಣ ಅಮೆರಿಕ. ಅಲ್ಲಿ ಅದಕ್ಕೊಂದು ಹಳೇ ಶತ್ರು ಇದೆ, ಎರಿನ್ನಿಸ್ ಎಲ್ಲೊ ಅನ್ನೋ ದೊಡ್ಡ ಪತಂಗ. ನಮ್ಮ ಎಳ್ಳಿನ ಗಿಡದಲ್ಲಿ ಬಾಲದ ಹತ್ರ ಕೊಂಬಿರೋ ದಪ್ಪ ಹುಳ ನೋಡಿದ್ದೀರಲ್ಲ, ಅದೇ ಬಳಗದ್ದು. ಬ್ರೆಜಿಲ್‌ನವರು ಮಂದರೊವಾ ಅಂತಾರೆ. ಅರ್ಜೆಂಟೀನಾದಿಂದ ಅಮೆರಿಕದ ದಕ್ಷಿಣ ಭಾಗದವರೆಗೂ ಅದರ ಓಡಾಟ. ರಾತ್ರಿ ದೂರ ದೂರ ಹಾರಿ ಹೋಗಿ ಮೊಟ್ಟೆ ಇಡುತ್ತೆ. ಅಲ್ಲಿ ರಬ್ಬರ್ ಎಲೆಯನ್ನೂ ಬಿಡಲ್ಲ. ನಮ್ಮಲ್ಲಿ ಈ ಹುಳ ಇಲ್ಲ, ಆದ್ರೆ ಅದು ಕಲಿಸಿದ ಪಾಠ ನಮಗೂ ಬೇಕು.

ಎಳೇ ಬೆಳೆ ಪೂರ್ತಿ ಬೋಳಾದ್ರೆ ಇಳುವರಿ ಹೋಗೋದು ನಿಜ, ಅದನ್ನ ನಾನು ಅಲ್ಲಗಳೆಯಲ್ಲ. ಆದ್ರೆ ಲೆಕ್ಕ ನೋಡಿ. ಒಂದು ಹುಳ ಬೆಳೆದು ಮುಗಿಯೋದ್ರೊಳಗೆ ಸುಮಾರು 1100 ಚದರ ಸೆಂ.ಮೀ. ಎಲೆ ತಿನ್ನುತ್ತೆ. ಅದರಲ್ಲಿ ಮುಕ್ಕಾಲು ಪಾಲು ಐದನೇ, ಅಂದ್ರೆ ಕೊನೇ ಹಂತದಲ್ಲೇ. ಆಮೇಲೆ ನೆಲಕ್ಕಿಳಿದು ಕೋಶವಾಗುತ್ತೆ. ಬೆರಳು ದಪ್ಪದ ಹುಳ ದಾರಿಯಿಂದಲೇ ಕಂಡಾಗ ಹೊಡೆಯೋದು ಅಂದ್ರೆ ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ.

ಅಷ್ಟೇ ಆಗಿದ್ರೆ ದುಡ್ಡು ಹೋಯ್ತು ಅಂತ ಸುಮ್ಮನಿರಬಹುದಿತ್ತು. ಇದರ ಮೊಟ್ಟೆಯೊಳಗೆ ಟ್ರೈಕೋಗ್ರಾಮಾ ಬೆಳೆಯುತ್ತೆ, ಮರಿಹುಳವನ್ನ ಕಣಜ ಕೊಯ್ದು ಹೊತ್ತೊಯ್ಯುತ್ತೆ. ಔಷಧಿಗೆ ಮೊದಲು ಸಾಯೋರು ಈ ಆಳುಗಳೇ. ಪತಂಗ ಮಾತ್ರ ಬೇರೆ ಕಡೆಯಿಂದ ಮತ್ತೆ ಹಾರಿ ಬರುತ್ತೆ, ಆಗ ತಡೆಯೋರೇ ಇರಲ್ಲ. ಹೊಡೆದಷ್ಟೂ ಹಾವಳಿ ಬೇಗ ಬೇಗ ಬಂದಿದ್ದನ್ನ ಅಲ್ಲಿನವರು ಕಂಡಿದ್ದಾರೆ.

ದಕ್ಷಿಣ ಬ್ರೆಜಿಲ್‌ನ ಸಾಂತಾ ಕತರೀನಾದಲ್ಲಿ ರೈತರು ಏನು ಮಾಡಿದ್ರು ಗೊತ್ತಾ? ವೈರಸ್ ತಗುಲಿ ಎಲೆಗೆ ಜೋತುಬಿದ್ದು ಸತ್ತ ಹುಳಗಳನ್ನ ಆರಿಸಿ, ಫ್ರೀಜರ್‌ನಲ್ಲಿಟ್ಟು, ಬೇಕಾದಾಗ ಅರೆದು ಸೋಸಿ ನೀರಿಗೆ ಬೆರೆಸಿ ಸಣ್ಣ ಹುಳಗಳ ಮೇಲೆ ಸಿಂಪಡಿಸಿದ್ರು. ನಮ್ಮ ಕಲಬುರಗಿ ಕಡೆ ತೊಗರಿ ಕಾಯಿಕೊರಕಕ್ಕೆ ಎನ್‌ಪಿವಿ ಹೊಡೀತಾರಲ್ಲ, ಅದೇ ತತ್ವ. ಒಂದು ಹುಳದ ವೈರಸ್ ಇನ್ನೊಂದಕ್ಕೆ ನಡೆಯಲ್ಲ, ಕಣಜಕ್ಕೂ ತೊಂದರೆ ಇಲ್ಲ. ಆದ್ರೆ ಇದಕ್ಕೂ ಹುಳ ಚಿಕ್ಕದಿದ್ದಾಗಲೇ ಕಾಣಬೇಕು, ಅಂದ್ರೆ ತೋಟಕ್ಕೆ ಹೋಗಬೇಕು.

ನಮ್ಮ ಕಷ್ಟ ಇರೋದೇ ಅಲ್ಲಿ. ಅಂಗಡಿಗೆ ವಾರಕ್ಕೆರಡು ಸಲ ಹೋಗ್ತೀವಿ, ಎಲೆ ತಿರುಗಿಸಿ ನೋಡೋಕೆ ಪುರುಸೊತ್ತಿಲ್ಲ. ನನ್ನ ಮಾತು ಒಪ್ಪದವರು ಕೆಳಗೆ ಧಾರಾಳವಾಗಿ ಬೈಯಿರಿ. ಅದಕ್ಕೂ ಮೊದಲು ಒಂದು ಸಾಲು ನಡೆದು, ಹತ್ತು ಎಲೆ ತಿರುಗಿಸಿ ನೋಡಿ ಬನ್ನಿ.